ಗ್ರಾಮ ಪಂಚಾಯಿತಿಯ ಆಯವ್ಯಯ: ಒಪ್ಪಿದ ಕೆಲಸ ಆಗುವಂತೆ ನೋಡಿಕೊಳ್ಳುವುದು ಹೇಗೆ?

(ಸದಸ್ಯ ಶಿಕ್ಷಣ ಪಾಠ)



ಸಹಕಾರ ಸಂಘದ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಅಢಾವೆ ಪತ್ರಿಕೆ ಕೈಗೆ ಬಂದ ಕೂಡಲೇ ನಮ್ಮ ಸದಸ್ಯರು ಮೊದಲು ನೋಡುವುದು ಹಿಂದಿನ ವರ್ಷದ ಅಂಕಣವನ್ನು. ಗೋದಾಮಿನ ಮಾಡು ರಿಪೇರಿಗೆ ಹೋದ ವರ್ಷ ಹಣ ಮಂಜೂರು ಮಾಡಿದ್ದೆವಲ್ಲ, ಖರ್ಚಾಯಿತೇ, ಉಳಿಯಿತೇ, ಉಳಿದಿದ್ದರೆ ಎಲ್ಲಿದೆ ಎಂದು ಒಬ್ಬರಲ್ಲ ಒಬ್ಬರು ಎದ್ದು ಕೇಳಿಯೇ ಕೇಳುತ್ತಾರೆ. ಆಡಳಿತ ಮಂಡಲಿಯವರಿಗೆ ಈ ಪ್ರಶ್ನೆ ಕೆಲವು ಸಲ ಕಿರಿಕಿರಿ ಎನಿಸಿದರೂ ಸಂಘವನ್ನು ಉಳಿಸಿರುವುದು ಈ ಅಭ್ಯಾಸವೇ.

ಇದೇ ಸದಸ್ಯರು ಗ್ರಾಮ ಸಭೆಗೆ ಹೋದಾಗ ಕೇಳುವ ರೀತಿ ಬೇರೆಯಾಗುತ್ತದೆ. ಹೊಸ ರಸ್ತೆ ಬೇಕು, ಹೊಸ ಮೋರಿ ಬೇಕು, ಹೊಸ ದೀಪ ಬೇಕು ಎಂದು ಪಟ್ಟಿ ಕೊಟ್ಟು ಬರುತ್ತೇವೆ. ಹೋದ ವರ್ಷ ಇದೇ ಸಭೆಯಲ್ಲಿ ಒಪ್ಪಿಕೊಂಡು ಆಯವ್ಯಯದಲ್ಲಿ ಬರೆದ ಕೆಲಸಗಳು ಏನಾದವು ಎಂದು ಕೇಳುವವರು ವಿರಳ. ಬೇಡಿಕೆ ಇಡುವುದು ಸುಲಭ, ಒಪ್ಪಿಸುವುದೂ ಅಷ್ಟೇನೂ ಕಷ್ಟವಲ್ಲ. ಒಪ್ಪಿದ್ದನ್ನು ಜಾರಿಗೆ ತರಿಸುವುದರಲ್ಲಿ ನಾವು ಹಿಂದೆ ಬಿದ್ದಿದ್ದೇವೆ. ಅದರ ಕ್ರಮವನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಈ ವಿಷಯ ಬೆಳೆಗಾರರಿಗೇಕೆ?

ಕಾಫಿ ಮಂಡಳಿ ಗಿಡದ ವಿಚಾರ ಹೇಳೀತು, ಸಂಘ ಗೊಬ್ಬರ ಮತ್ತು ಸಾಲ ಕೊಟ್ಟೀತು. ಆದರೆ ತೋಟದಿಂದ ಡಾಂಬರು ರಸ್ತೆಯವರೆಗಿನ ಎರಡು ಮೈಲಿ ಮಣ್ಣುದಾರಿ, ಅದರ ಚರಂಡಿ, ಹಳ್ಳದ ಕಾಲುಸಂಕ, ಕುಡಿಯುವ ನೀರಿನ ಪಂಪು, ಬೀದಿದೀಪ ಇವೆಲ್ಲ ಬಹುಮಟ್ಟಿಗೆ ಗ್ರಾಮ ಪಂಚಾಯಿತಿಯ ಹೊಣೆ. ಒಂದು ಮೋರಿ ಕುಸಿದರೆ ಕೊಯ್ಲಿನ ಕಾಲದಲ್ಲಿ ಪಿಕಪ್ ಗಾಡಿ ಕಣದವರೆಗೆ ಬರುವುದಿಲ್ಲ. ಮೂಟೆಗಳನ್ನು ತಲೆಹೊರೆಯಲ್ಲಿ ಸಾಗಿಸುವ ಕೂಲಿ ಬೆಳೆಗಾರನ ಮೇಲೆ ಬೀಳುತ್ತದೆ. ಕೈಗೆ ಬಂದ ಬೆಲೆಯಲ್ಲಿ ಅಷ್ಟು ಕಡಿಮೆಯಾದಂತೆಯೇ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಅಡಿಕೆ ಮರದ ದಬ್ಬೆ ಹಾಸಿದ ಸಂಕದ ಮೇಲೆ ಶಾಲೆಗೆ ಹೋಗುವ ಮಕ್ಕಳು, ಕೆಲಸಕ್ಕೆ ಬರುವ ಹೆಣ್ಣಾಳುಗಳು, ಆಸ್ಪತ್ರೆಗೆ ಹೊರಟ ವೃದ್ಧರು ನಡೆಯುತ್ತಾರೆ. ಆಯವ್ಯಯದಲ್ಲಿ ಬರೆದ ಕಾಲುಸಂಕ ಒಂದು ವರ್ಷ ಮುಂದಕ್ಕೆ ಹೋದರೆ ಪುಸ್ತಕದಲ್ಲಿ ಅದು ಒಂದು ಸಾಲು ಮಾತ್ರ. ಆ ಮನೆಗಳವರಿಗೆ ಇನ್ನೊಂದು ಮಳೆಗಾಲ ಪೂರ್ತಿ ಜೀವಭಯ.

ಕಾನೂನಿನ ಹಿನ್ನೆಲೆ

ಪಂಚಾಯಿತಿ ನಮ್ಮಲ್ಲಿ ಹೊಸತಲ್ಲ. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಲಿಗಳ ಕಾಯಿದೆಯ ಕಾಲದ ಪಂಚಾಯಿತಿಗಳನ್ನು ಹಿರಿಯ ಸದಸ್ಯರು ಬಲ್ಲರು. ಆಗ ಕೆಲಸವಿತ್ತು, ಹಣವಿರಲಿಲ್ಲ. 1983ರ ಕಾಯಿದೆಯಿಂದ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳು ಬಂದವು. ಅವುಗಳಿಗೆ 1987ರಲ್ಲಿ ಚುನಾವಣೆ ನಡೆಯಿತು. ಆ ವ್ಯವಸ್ಥೆಯನ್ನು ರೂಪಿಸಿ ಹಳ್ಳಿಗಳಿಗೆ ಅಧಿಕಾರ ಇಳಿಸಿದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಕೊಳವೆ ಬಾವಿಗಳ ನೆನಪಿನಿಂದ 'ನೀರ್ ಸಾಬ್' ಎಂದೇ ಕರೆದರು. ತರುವಾಯ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ಬಂತು. 2015ರ ತಿದ್ದುಪಡಿಯಿಂದ ಅದರ ಹೆಸರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯಿದೆ ಎಂದಾಯಿತು.

ಈ ಕಾಯಿದೆಯ ಪ್ರಕಾರ ಮತದಾರರಾದ ನಾವೆಲ್ಲರೂ ಗ್ರಾಮ ಸಭೆಯ ಸದಸ್ಯರು. ಗ್ರಾಮ ಸಭೆಯೂ ವಾರ್ಡ್ ಸಭೆಯೂ ಆರು ತಿಂಗಳಿಗೆ ಒಂದು ಸಲವಾದರೂ ಸೇರತಕ್ಕದ್ದು. ಹಿಂದಿನ ವರ್ಷದ ಜಮಾಖರ್ಚು, ಆಡಳಿತ ವರದಿ, ಲೆಕ್ಕಪರಿಶೋಧಕರ ಆಕ್ಷೇಪಣೆ ಮತ್ತು ಅದಕ್ಕೆ ಪಂಚಾಯಿತಿ ಕೊಟ್ಟ ಉತ್ತರ ಇವುಗಳನ್ನು ಪರಿಶೀಲಿಸುವುದು ಗ್ರಾಮ ಸಭೆಯ ಕೆಲಸ. ಅಂದರೆ ಹಳೆಯ ಲೆಕ್ಕ ಕೇಳಿದರೆ ನಾವು ಯಾರ ಮೇಲೂ ಅಪನಂಬಿಕೆ ತೋರಿದಂತಲ್ಲ. ಕಾಯಿದೆ ನಮಗೆ ವಹಿಸಿದ ಕೆಲಸವನ್ನು ಮಾಡಿದಂತೆ ಮಾತ್ರ.

ಇನ್ನೊಂದು ವಿಷಯ ನೆನಪಿಡಬೇಕು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಚುನಾಯಿತ ಅವಧಿ 2021ರಲ್ಲಿ ಮುಗಿದ ಮೇಲೆ, ಚುನಾವಣೆಯಿಲ್ಲದೆ ವರ್ಷಗಟ್ಟಲೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದದ್ದನ್ನು ಕಂಡಿದ್ದೇವೆ. ಚುನಾಯಿತ ಮಂಡಲಿಗೆ ಅವಧಿಯುಂಟು. ಗ್ರಾಮ ಸಭೆಗೆ ಅವಧಿಯಿಲ್ಲ. ಮತದಾರರ ಪಟ್ಟಿ ಇರುವಷ್ಟು ಕಾಲ ಅದೂ ಇರುತ್ತದೆ. ಅಧ್ಯಕ್ಷರ ಕುರ್ಚಿಯಲ್ಲಿ ಯಾರೇ ಕುಳಿತಿರಲಿ, ಕೇಳುವವರು ನಾವೇ.

ಆಯವ್ಯಯದ ಮಾತಿಗೆ ಎಷ್ಟು ತೂಕ?

ಆಯವ್ಯಯವೆಂದರೆ ಪೆಟ್ಟಿಗೆಯಲ್ಲಿ ಇರುವ ಹಣವಲ್ಲ, ಬರಬಹುದಾದ ಹಣದ ಅಂದಾಜು. ಅಡಿಕೆ ಬೆಳೆಗಾರನು ಕೊನೆ ಎಣಿಸಿ ಇಷ್ಟು ಕ್ವಿಂಟಾಲ್ ಆದೀತು ಎಂದು ಹೇಳುವಂತೆಯೇ ಇದು. ಕೊಳೆ ರೋಗ ಬಂದರೆ ಎಣಿಕೆ ತಪ್ಪುತ್ತದೆ. ಪಂಚಾಯಿತಿಯ ಲೆಕ್ಕದಲ್ಲಿ ಕೊಳೆ ಬೀಳುವ ಜಾಗ ಯಾವುದೆಂದು ಮೊದಲು ತಿಳಿಯಬೇಕು. ಅದಕ್ಕಾಗಿ ಹಣ ಬರುವ ಮೂರು ದಾರಿಗಳನ್ನು ಬೇರೆ ಬೇರೆಯಾಗಿ ನೋಡೋಣ.

ಮೊದಲನೆಯದು ಸ್ವಂತ ವರಮಾನ: ಮನೆ ಕಂದಾಯ, ನೀರಿನ ದರ, ಲೈಸೆನ್ಸ್ ಫೀ, ಮಳಿಗೆ ಬಾಡಿಗೆ ಮುಂತಾದವು. ಇದನ್ನು ಯಾವ ಕೆಲಸಕ್ಕೆ ಬಳಸಬೇಕೆಂದು ಪಂಚಾಯಿತಿಯೇ ಬಹುಮಟ್ಟಿಗೆ ತೀರ್ಮಾನಿಸಬಹುದು. ಆದರೆ ವಸೂಲಾದರೆ ಮಾತ್ರ ಹಣ.

ಎರಡನೆಯದು ಷರತ್ತು ಹಾಕಿ ಬಂದ ಅನುದಾನ. 15ನೆಯ ಹಣಕಾಸು ಆಯೋಗದ ಶಿಫಾರಸಿನಂತೆ 2021-22ರಿಂದ 2025-26ರವರೆಗಿನ ಅನುದಾನದಲ್ಲಿ ಶೇಕಡ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಡಲಾಗಿತ್ತು. ಆ ಹಣದಿಂದ ರಸ್ತೆ ಮಾಡುವಂತಿರಲಿಲ್ಲ.

ಮೂರನೆಯದು ಮುಕ್ತ ಅನುದಾನ. ಅದೇ ಆಯೋಗದ ಉಳಿದ ಶೇಕಡ 40 ಭಾಗ ಈ ಬಗೆಯದು. ಸಂಬಳ ಮತ್ತು ಕಚೇರಿ ವೆಚ್ಚ ಬಿಟ್ಟು ಊರಿನ ಬೇರೆ ಅಗತ್ಯಗಳಿಗೆ ಇದನ್ನು ಬಳಸಬಹುದಾಗಿತ್ತು. ಆಯೋಗ ಬದಲಾದಂತೆ ಷರತ್ತುಗಳೂ ಬದಲಾಗುತ್ತವೆಯಾದ್ದರಿಂದ ಪ್ರತಿ ವರ್ಷದ ಷರತ್ತು ಏನೆಂದು ಪಂಚಾಯಿತಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಈಗ ಲೆಕ್ಕದ ಸಲುವಾಗಿ ಒಂದು ಪಂಚಾಯಿತಿಯನ್ನು ಕಲ್ಪಿಸಿಕೊಳ್ಳೋಣ. ಸ್ವಂತ ವರಮಾನ 12 ಲಕ್ಷ ರೂಪಾಯಿ ಬಂದೀತೆಂದು ಅಂದಾಜು. ಆಯೋಗದ ಅನುದಾನ 30 ಲಕ್ಷ. ಅದರಲ್ಲಿ 18 ಲಕ್ಷ ನೀರು ನೈರ್ಮಲ್ಯಕ್ಕೆ, 12 ಲಕ್ಷ ಮುಕ್ತ. ಗ್ರಾಮ ಸಭೆ ಒಪ್ಪಿದ 4 ಲಕ್ಷದ ಮೋರಿಯನ್ನು ಸ್ವಂತ ವರಮಾನದ ಕೆಳಗೆ ಬರೆದರು. ವರ್ಷದ ಕೊನೆಗೆ ವಸೂಲಾದದ್ದು 7 ಲಕ್ಷ. ನೌಕರರ ಸಂಬಳ, ಪಂಪಿನ ರಿಪೇರಿ, ದೀಪದ ಖರ್ಚು ಕಳೆದರೆ ಮೋರಿಗೆ ಏನೂ ಉಳಿಯಲಿಲ್ಲ. ಇಲ್ಲಿ ಯಾರೂ ಹಣ ನುಂಗಲಿಲ್ಲ. ವಸೂಲಾಗದ ಕಂದಾಯದಲ್ಲಿ ಮೋರಿ ಮುಳುಗಿತು. ಅದೇ ಮೋರಿಯನ್ನು ಮುಕ್ತ ಅನುದಾನದ ಕೆಳಗೆ ಬರೆಸಿದ್ದರೆ ಅದು ಆಗುವ ಸಂಭವ ಹೆಚ್ಚಿತ್ತು. ಆದ್ದರಿಂದ ಆಯವ್ಯಯ ಸಭೆಯಲ್ಲಿ ನಮ್ಮ ಕೆಲಸ ಸೇರಿತೇ ಎಂದು ಕೇಳಿದರೆ ಸಾಲದು, ಯಾವ ಹಣದ ಕೆಳಗೆ ಸೇರಿತು ಎಂದು ಕೇಳಬೇಕು. ಈ ಒಂದು ಪ್ರಶ್ನೆಯಿಂದಲೇ ಅರ್ಧ ವಿಷಯ ತಿಳಿಯುತ್ತದೆ.

ಒಂದು ಮೋರಿ ನಡೆಯುವ ದಾರಿ

ಸಭೆಯಲ್ಲಿ ಕೈ ಎತ್ತಿ ಒಪ್ಪಿದ ಮಾತು ಕಲ್ಲು ಸಿಮೆಂಟು ಆಗುವ ಮೊದಲು ಆರು ಕಾಗದಗಳನ್ನು ದಾಟಬೇಕು. ಕೆಲಸ ಎಲ್ಲಿ ನಿಂತಿದೆ ಎಂದು ತಿಳಿಯಬೇಕಾದರೆ ಈ ಆರನ್ನೂ ಬಲ್ಲವರಾಗಿರಬೇಕು.

1. ಸಭೆಯ ನಡಾವಳಿ. ಆಡಿದ ಮಾತು ಇಲ್ಲಿ ಬರೆಯದಿದ್ದರೆ ಅದು ಗಾಳಿಯಲ್ಲಿ ಹೋದಂತೆ. 'ರಸ್ತೆ ಅಭಿವೃದ್ಧಿ ಬಗ್ಗೆ ಚರ್ಚಿಸಲಾಯಿತು' ಎಂದು ಬರೆದರೆ ಅದು ತೀರ್ಮಾನವಲ್ಲ. ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ, ಎಷ್ಟನೆಯ ಆದ್ಯತೆ ಎಂಬುದು ಇರಬೇಕು. ಸಭೆ ಮುಗಿಯುವ ಮುನ್ನ ಅದನ್ನು ಓದಿಸಿ ಕೇಳುವುದು ಉತ್ತಮ.

2. ಆಯವ್ಯಯ. ಇದು ಏಪ್ರಿಲ್ 1ರಿಂದ ಆರಂಭವಾಗುವ ವರ್ಷಕ್ಕೆ ಮುಂಚಿತವಾಗಿಯೇ ಸಿದ್ಧವಾಗುವಂಥದು. ಇಲ್ಲಿ ಹಲವು ಕೆಲಸಗಳು 'ರಸ್ತೆ ಮತ್ತು ಸೇತುವೆ' ಎಂಬ ಒಂದೇ ತಲೆಬರಹದಡಿ ಒಟ್ಟುಗೂಡುತ್ತವೆ. ಒಟ್ಟು ಮೊತ್ತ ಕಂಡು ಸಮಾಧಾನ ಪಡಬಾರದು.

3. ಕ್ರಿಯಾಯೋಜನೆ. ಒಟ್ಟು ಮೊತ್ತ ಇಲ್ಲಿ ಬಿಡಿಬಿಡಿಯಾದ ಕೆಲಸಗಳಾಗುತ್ತದೆ. ಗ್ರಾಮ ಸಭೆಯ ಪಟ್ಟಿಯಲ್ಲಿದ್ದ ಕೆಲಸ ಸದ್ದಿಲ್ಲದೆ ಬಿದ್ದುಹೋಗುವುದೂ, ಪಟ್ಟಿಯಲ್ಲಿಲ್ಲದ ಕೆಲಸ ಹೊಕ್ಕುವುದೂ ಹೆಚ್ಚಾಗಿ ಈ ಹಂತದಲ್ಲೇ. ನಡಾವಳಿ ಮತ್ತು ಕ್ರಿಯಾಯೋಜನೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ.

4. ಅಂದಾಜು ಪಟ್ಟಿ ಮತ್ತು ತಾಂತ್ರಿಕ ಮಂಜೂರಾತಿ. ಇಂಜಿನಿಯರು ಸ್ಥಳಕ್ಕೆ ಬಂದು ಅಳತೆ ಮಾಡಿ ಪಟ್ಟಿ ತಯಾರಿಸಬೇಕು. ಒಬ್ಬ ಇಂಜಿನಿಯರ ಕೈಯಲ್ಲಿ ಹಲವು ಪಂಚಾಯಿತಿಗಳಿರುವುದರಿಂದ ಇಲ್ಲಿ ತಿಂಗಳುಗಟ್ಟಲೆ ತಡವಾಗುವುದುಂಟು. ಜಾಗದ ತಕರಾರಿದ್ದರೆ ಇಲ್ಲೇ ನಿಲ್ಲುತ್ತದೆ.

5. ಕಾರ್ಯಾದೇಶ. ಯಾರಿಗೆ, ಎಷ್ಟು ಮೊತ್ತಕ್ಕೆ, ಎಷ್ಟು ದಿನಗಳಲ್ಲಿ ಮುಗಿಸಬೇಕೆಂದು ಇದರಲ್ಲಿರುತ್ತದೆ. ಕೆಲಸ ಅರ್ಧಕ್ಕೆ ನಿಂತಾಗ ಕೈಗೆ ಬೇಕಾದ ಕಾಗದ ಇದು.

6. ಅಳತೆ ಪುಸ್ತಕ ಮತ್ತು ಬಿಲ್ಲು. ಆದ ಕೆಲಸವನ್ನು ಅಳೆದು ಪುಸ್ತಕದಲ್ಲಿ ಬರೆದು, ಅದರ ಮೇಲೆ ಹಣ ಪಾವತಿ. ಮೋರಿಯ ಉದ್ದ, ದಪ್ಪ, ಪೈಪಿನ ಸಂಖ್ಯೆ ಎಲ್ಲವೂ ಇದರಲ್ಲಿ ಇರುತ್ತದೆ. ಟೇಪು ಹಿಡಿದು ಹೋಗುವ ಯಾವ ಬೆಳೆಗಾರನಾದರೂ ಇದನ್ನು ತಾಳೆ ನೋಡಬಹುದು. ಪಲ್ಪರ್ ತೊಟ್ಟಿ ಕಟ್ಟಿಸಿದ ಅನುಭವ ನಮಗೆ ಇದ್ದೇ ಇದೆ.

ಕೆಲಸ ಆಗಲಿಲ್ಲವೆಂದು ಸುಮ್ಮನೆ ದೂರುವುದಕ್ಕೂ, ನಾಲ್ಕನೆಯ ಕಾಗದದಲ್ಲಿ ಐದು ತಿಂಗಳಿಂದ ನಿಂತಿದೆ ಎಂದು ಹೇಳುವುದಕ್ಕೂ ಬಹಳ ಅಂತರವಿದೆ. ಮೊದಲನೆಯದಕ್ಕೆ ಸಮಾಧಾನದ ಮಾತು ದೊರೆಯುತ್ತದೆ. ಎರಡನೆಯದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಮಲೆನಾಡಿನ ಪಂಚಾಂಗ

ಬಯಲುಸೀಮೆಯಲ್ಲಿ ಕೆಲಸ ಎರಡು ತಿಂಗಳು ತಡವಾದರೆ ಎರಡು ತಿಂಗಳು ತಡವಾಗುತ್ತದೆ. ನಮ್ಮಲ್ಲಿ ಒಂದು ವರ್ಷವೇ ಹೋಗುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುವಂಥದು, ಅಷ್ಟಿಲ್ಲದಿದ್ದರೂ ಘಟ್ಟದ ಅಂಚಿನ ನಮ್ಮ ಊರುಗಳಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಣ್ಣು ಕಾಂಕ್ರೀಟಿನ ಕೆಲಸ ನಡೆಯುವುದು ಕಷ್ಟ. ಉಳಿದದ್ದು ನವೆಂಬರ್‌ನಿಂದ ಮೇ ತನಕದ ಏಳು ತಿಂಗಳು.

ಏಪ್ರಿಲ್‌ನಲ್ಲಿ ವರ್ಷ ಆರಂಭವಾಗಿ, ಕ್ರಿಯಾಯೋಜನೆ ಮಳೆಗಾಲದಲ್ಲಿ ಒಪ್ಪಿಗೆಯಾಗಿ, ಅಂದಾಜು ಪಟ್ಟಿ ಡಿಸೆಂಬರ್‌ನಲ್ಲಿ ತಯಾರಾಗಿ, ಕಾರ್ಯಾದೇಶ ಫೆಬ್ರವರಿಯಲ್ಲಿ ಹೊರಟರೆ, ಮಾರ್ಚ್ 31ರೊಳಗೆ ಬಿಲ್ಲು ಮಾಡುವ ಅವಸರದಲ್ಲಿ ಕೆಲಸ ಕೆಡುತ್ತದೆ. ಕಾಂಕ್ರೀಟಿಗೆ ಕನಿಷ್ಠ ಏಳು ದಿನವಾದರೂ ನೀರುಣಿಸಬೇಕು. ಅದು ಪೂರ್ತಿ ಗಟ್ಟಿಯಾಯಿತೇ ಎಂದು ಇಂಜಿನಿಯರುಗಳು ನೋಡುವುದು 28 ದಿನಕ್ಕೆ. ಆ ವ್ಯವಧಾನ ಸಿಗದ ಮೋರಿ ಮೊದಲ ಮಳೆಗೇ ಬಿರುಕು ಬಿಟ್ಟರೆ ಆಶ್ಚರ್ಯವಿಲ್ಲ.

ಇನ್ನೊಂದು ತೊಡಕು ನಮ್ಮದೇ. ಕೆಲಸ ನಡೆಯುವ ನವೆಂಬರ್–ಮಾರ್ಚ್ ಅವಧಿಯೇ ಅಡಿಕೆ ಸುಲಿತ, ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ ಕೊಯ್ಲು. ಬೆಳೆಗಾರನಿಗೆ ತಲೆ ಎತ್ತಲು ಪುರುಸೊತ್ತಿಲ್ಲದ ಆ ಕಾಲದಲ್ಲೇ ಊರಿನ ಮೋರಿಗೆ ಸಿಮೆಂಟು ಬೀಳುವುದು. ಆದ್ದರಿಂದ ಕಾಗದದ ಕೆಲಸವನ್ನು ಮಳೆಗಾಲದಲ್ಲಿಯೇ ಮುಗಿಸಿಕೊಳ್ಳಬೇಕು. ಬೋರ್ಡೋ ಸಿಂಪರಣೆಯ ಎರಡು ಸುತ್ತಿನ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಪಂಚಾಯಿತಿಗೆ ಹೋಗಿ ಅಂದಾಜು ಪಟ್ಟಿ ಆಯಿತೇ ಎಂದು ಕೇಳಿದರೆ, ನವೆಂಬರ್‌ನಲ್ಲಿ ಹಳ್ಳದ ನೀರು ಇಳಿಯುತ್ತಲೇ ಕೆಲಸ ಹಿಡಿಯಬಹುದು. ಮಳೆಗಾಲದ ಆ ಒಂದು ಭೇಟಿಯಿಂದ ಆಗುವಷ್ಟು ಕೆಲಸ ಮಾರ್ಚ್ ತಿಂಗಳ ಹತ್ತು ಭೇಟಿಗಳಿಂದಲೂ ಆಗದು.

ಜಮಾಬಂದಿ ಎಂಬ ಮರೆತ ಅವಕಾಶ

ಜಮಾಬಂದಿ ಎಂದರೆ ತಾಲ್ಲೂಕು ಕಚೇರಿಯ ಕಂದಾಯದ ಲೆಕ್ಕ ಎಂದೇ ನಮ್ಮ ಹಿರಿಯರು ಬಲ್ಲರು. ಪಂಚಾಯಿತಿಗೂ ಜಮಾಬಂದಿಯುಂಟು. 2004ರ ನಿಯಮಗಳಂತೆ ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಅವಧಿಯಲ್ಲಿ ಹೊರಗಿನ ಅಧಿಕಾರಿ ಬಂದು ಹಿಂದಿನ ವರ್ಷದ ಲೆಕ್ಕಪತ್ರಗಳನ್ನು ಜನರ ಮುಂದೆ ಪರಿಶೀಲಿಸಿ, ಆದ ಕಾಮಗಾರಿಗಳನ್ನು ನೋಡಬೇಕು. ಅಂದು ಯಾವ ಗ್ರಾಮಸ್ಥನೂ ಹೋಗಿ ದಾಖಲೆ ನೋಡಬಹುದು, ಪ್ರಶ್ನೆ ಕೇಳಬಹುದು.

ಜನ ಬಾರದಿದ್ದರೆ ಜಮಾಬಂದಿ ಒಂದು ಗಂಟೆಯಲ್ಲಿ ಸಹಿ ಮಾಡಿ ಮುಗಿಸುವ ಕೆಲಸವಾಗಿಬಿಡುತ್ತದೆ. ಪ್ರತಿ ವಾರ್ಡಿನಿಂದ ಇಬ್ಬರು ನಡಾವಳಿಯ ಪ್ರತಿ ಹಿಡಿದು ಹೋದರೆ ಅದು ನಿಜವಾದ ಪರಿಶೀಲನೆಯಾಗುತ್ತದೆ. ಇದಲ್ಲದೆ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯ ಲೆಕ್ಕಪರಿಶೋಧನೆ ಬೇರೆ ಇದೆ. ಆ ವರದಿಯ ಆಕ್ಷೇಪಣೆಗಳನ್ನು ಗ್ರಾಮ ಸಭೆಯಲ್ಲಿ ಮಂಡಿಸಿ ಎಂದು ಕೇಳುವ ಹಕ್ಕು ನಮಗಿದೆ.

ಓದಿ ಹೇಳುವುದರ ಬಲ

ಲೆಕ್ಕ ನೋಡುವುದಕ್ಕೆ ವಿದ್ಯಾವಂತರೇ ಬೇಕೆಂದು ತಿಳಿಯಬೇಕಾಗಿಲ್ಲ. ಇದಕ್ಕೆ ರಾಜಸ್ಥಾನದ ಬಡ ಕೂಲಿಗಾರರೇ ಸಾಕ್ಷಿ. 1990ರಲ್ಲಿ ಅಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರು ಹಳ್ಳಿಯವರೊಡನೆ ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿದರು. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ಅವರು ಮೊದಲ ಜನಸುನ್ವಾಯಿ, ಅಂದರೆ ಬಹಿರಂಗ ವಿಚಾರಣೆ ನಡೆಸಿದರು. ಮಾಡಿದ್ದು ಸರಳವಾದ ಕೆಲಸ: ಪಂಚಾಯಿತಿ ಕಾಮಗಾರಿಯ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಬರೆದದ್ದು ಅಲ್ಲೇ ಬಯಲಾಯಿತು. ಓದು ಬಾರದವನಿಗೂ ತನ್ನ ಹೆಸರು ಗೊತ್ತು, ತನ್ನ ಊರಿನಲ್ಲಿ ಕಟ್ಟೆ ಕಟ್ಟಿದರೋ ಇಲ್ಲವೋ ಗೊತ್ತು.

ದಾಖಲೆಯ ಪ್ರತಿ ಕೊಡಿ ಎಂಬ ಬೇಡಿಕೆಯೇ ಮುಂದೆ ಚಳವಳಿಯಾಗಿ ಬೆಳೆಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅದಕ್ಕಾಗಿ 40 ದಿನಗಳ ಧರಣಿ ನಡೆಯಿತು. ಕರ್ನಾಟಕದಲ್ಲಿ 2000ದಲ್ಲಿ ರಾಜ್ಯದ ಮಾಹಿತಿ ಹಕ್ಕು ಕಾಯಿದೆಯೂ, 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯಿದೆಯೂ ಬಂದವು.

ದೂರದ ಇನ್ನೊಂದು ಉದಾಹರಣೆಯೂ ನಮಗೆ ಉಪಯುಕ್ತ. ನಮ್ಮಂತೆಯೇ ಕಾಫಿ ಬೆಳೆಯುವ ಬ್ರೆಜಿಲ್ ದೇಶದ ಪೋರ್ತೊ ಅಲೆಗ್ರೆ ಎಂಬ ನಗರದಲ್ಲಿ 1989ರಿಂದ ನಗರಸಭೆಯ ಆಯವ್ಯಯವನ್ನು ಬಡಾವಣೆಗಳ ಸಭೆಗಳಲ್ಲಿ ಜನರೇ ಚರ್ಚಿಸುವ ಪದ್ಧತಿ ಆರಂಭವಾಯಿತು. ಅಲ್ಲಿ ವರ್ಷದ ಮೊದಲ ಸುತ್ತಿನ ಸಭೆಗಳಲ್ಲಿ ನಗರಸಭೆಯವರು ಹಿಂದಿನ ವರ್ಷ ಒಪ್ಪಿದ ಕೆಲಸಗಳಲ್ಲಿ ಎಷ್ಟು ಆಯಿತೆಂದು ವರದಿ ಒಪ್ಪಿಸುತ್ತಿದ್ದರು. ಹಳೆಯ ಬಾಕಿ ಮೊದಲು, ಹೊಸ ಬೇಡಿಕೆ ಆಮೇಲೆ. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ನಮ್ಮ ವಾರ್ಡ್ ಸಭೆಯ ಕಾರ್ಯಸೂಚಿಯಲ್ಲಿ ಮೊದಲನೆಯ ವಿಷಯವಾಗಿ ಹಿಂದಿನ ತೀರ್ಮಾನಗಳ ಮೇಲೆ ಕೈಗೊಂಡ ಕ್ರಮ ಎಂದು ಬರೆಸಿದರೆ ಸಾಕು.

ಕೇಳುವ ಕ್ರಮ

ಮೊದಲು ಠರಾವನ್ನು ಸರಿಯಾಗಿ ಬರೆಸಬೇಕು. ಮಾದರಿ ಇಂತಿದೆ:

'ಈ ಸಭೆಯು ಮೇಲಿನ ಕೇರಿಯ ಹಳ್ಳದ ಕಾಲುಸಂಕವನ್ನು ಮೊದಲನೆಯ ಆದ್ಯತೆಯ ಕೆಲಸವೆಂದು ಒಪ್ಪಿದೆ. ಇದಕ್ಕೆ ಮುಕ್ತ ಅನುದಾನದಿಂದ ಹಣ ಒದಗಿಸತಕ್ಕದ್ದು. ಅಕ್ಟೋಬರ್ ತಿಂಗಳೊಳಗೆ ಅಂದಾಜು ಪಟ್ಟಿ ಮತ್ತು ಮಂಜೂರಾತಿ ಪಡೆಯತಕ್ಕದ್ದು. ಆಗದಿದ್ದಲ್ಲಿ ಕಾರಣವನ್ನು ಮುಂದಿನ ಸಭೆಯಲ್ಲಿ ಲಿಖಿತವಾಗಿ ಮಂಡಿಸತಕ್ಕದ್ದು.'

ಕೆಲಸ, ಹಣ, ದಿನಾಂಕ, ಕಾರಣ ಈ ನಾಲ್ಕೂ ಇದರಲ್ಲಿವೆ. ಕೊನೆಯ ವಾಕ್ಯ ಬಹಳ ಮುಖ್ಯ. ಕೆಲಸ ಆಗದಿರುವುದಕ್ಕೆ ನ್ಯಾಯವಾದ ಕಾರಣವಿರಬಹುದು. ಆದರೆ ಕಾರಣ ಹೇಳದೆ ಸುಮ್ಮನಿರುವುದಕ್ಕೆ ಅವಕಾಶವಿರಬಾರದು.

ಎರಡನೆಯದಾಗಿ, ಪಿ.ಡಿ.ಓ. ಅವರನ್ನೋ ವಾರ್ಡಿನ ಸದಸ್ಯರನ್ನೋ ಕಂಡು ಬಾಯಿಮಾತಿನಲ್ಲಿ ವಿಚಾರಿಸಬೇಕು. ಎಷ್ಟೋ ಕೆಲಸ ಇಷ್ಟರಲ್ಲೇ ಮುಂದೆ ಸಾಗುತ್ತದೆ. ಆಗದಿದ್ದರೆ ಅರ್ಜಿ ಬರೆದು ಸ್ವೀಕೃತಿಯ ಸಹಿ, ಮೊಹರು ಪಡೆಯಬೇಕು.

ಮೂರನೆಯದು ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿಯಲ್ಲಿರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

ಇಲ್ಲೊಂದು ಎಚ್ಚರಿಕೆ. ಸಂಕವನ್ನು ಏಕೆ ಮಾಡಲಿಲ್ಲ ಎಂದು ಬರೆದರೆ, ಅದು ಮಾಹಿತಿಯಲ್ಲ ಎಂದು ಅರ್ಜಿ ಹಿಂದಿರುಗಬಹುದು. ಇಂಥ ವರ್ಷದ ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿ ವೋಚರು ಇವುಗಳ ದೃಢೀಕೃತ ಪ್ರತಿ ಕೊಡಿ ಎಂದು ಕಾಗದದ ಹೆಸರು ಹಿಡಿದು ಕೇಳಬೇಕು. ಆ ಕಾಯಿದೆಯಲ್ಲಿ ಕಾಮಗಾರಿಯನ್ನು ಸ್ಥಳದಲ್ಲಿ ಪರಿಶೀಲಿಸುವ ಹಾಗೂ ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಸೇರಿದೆ ಎಂಬುದು ಅನೇಕರಿಗೆ ತಿಳಿಯದು.

ಈ ಮೂರು ಮೆಟ್ಟಿಲುಗಳನ್ನು ಕ್ರಮವಾಗಿಯೇ ಹತ್ತಬೇಕು. ಮೊದಲ ದಿನವೇ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಪಂಚಾಯಿತಿಯವರು ನಮ್ಮನ್ನು ಎದುರಾಳಿಗಳೆಂದು ಬಗೆಯುತ್ತಾರೆ; ನಾಳೆ ಅವರೊಡನೆಯೇ ಕೆಲಸ ಮಾಡಬೇಕಾದವರು ನಾವು.

ನಮ್ಮ ಪಾಲಿನ ಹೊಣೆ

ಪಂಚಾಯಿತಿಯವರ ಕಷ್ಟವನ್ನೂ ನೋಡಬೇಕು. ಹೆಚ್ಚು ಮಳೆ ಬಂದು ಕುಡಿಯುವ ನೀರಿನ ಪೈಪೇ ಕೊಚ್ಚಿಹೋದರೆ ಮೋರಿಯ ಹಣವನ್ನು ಅದಕ್ಕೆ ತಿರುಗಿಸುವುದು ಅನಿವಾರ್ಯವಾದೀತು. ಅಂಥ ಬದಲಾವಣೆಗೆ ಪೂರಕ ಅಥವಾ ಪರಿಷ್ಕೃತ ಆಯವ್ಯಯದ ದಾರಿಯಿದೆ. ಸಭೆಯ ಮುಂದೆ ತಂದು ಬದಲಾಯಿಸಿದರೆ ನಾವೂ ಒಪ್ಪಬೇಕು. ಕದ್ದುಮುಚ್ಚಿ ಬದಲಾಯಿಸಿದರೆ ಪ್ರಶ್ನಿಸಬೇಕು.

ಬೆಳೆಗಾರರಾದ ನಾವು ನಮ್ಮ ಕಡೆಯನ್ನೂ ನೋಡಿಕೊಳ್ಳಬೇಕು. ಕೃಷಿ ಜಮೀನಿಗೆ ಪಂಚಾಯಿತಿ ತೆರಿಗೆಯಿಲ್ಲ. ಮನೆ ಮತ್ತಿತರ ಕಟ್ಟಡಗಳಿಗೆ ಇದೆ. ಕಂದಾಯ ಬಾಕಿ ಇಟ್ಟುಕೊಂಡು ಮೋರಿ ಎಲ್ಲಿ ಎಂದು ಕೇಳುವವನ ಮಾತಿಗೆ ಸಭೆಯಲ್ಲಿ ತೂಕವಿರುವುದಿಲ್ಲ. ಹಾಗೆಯೇ ಚರಂಡಿಗೆ ಎರಡು ಅಡಿ ಜಾಗ ಬಿಡಲೊಪ್ಪದೆ ಬೇಲಿ ಮುಂದಕ್ಕೆ ಹಾಕಿದವರು ರಸ್ತೆ ಕೊಚ್ಚಿಹೋಯಿತೆಂದು ದೂರುವುದೂ ಸರಿಯಲ್ಲ.

ಇನ್ನೂ ಒಂದು ಮಾತು ಹೇಳಬೇಕಾಗಿದೆ. ಸಭೆಗಳಲ್ಲಿ ಗಟ್ಟಿಯಾಗಿ ಮಾತನಾಡುವವರು ನಾವು. ಲೈನ್ ಮನೆಗಳಲ್ಲಿ, ಕಾಲೋನಿಗಳಲ್ಲಿ ಇರುವವರು ಕೂಲಿ ಬಿಟ್ಟು ಸಭೆಗೆ ಬರಲಾರರು, ಬಂದರೂ ಮಾತನಾಡಲು ಹಿಂಜರಿಯುತ್ತಾರೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆಂದು ಮೀಸಲಿಟ್ಟ ಪಾಲು ನಮ್ಮ ತೋಟದ ಗೇಟಿನವರೆಗಿನ ರಸ್ತೆಗೆ ಹರಿದು ಬಂದರೆ ಅದೂ ಒಪ್ಪಿದ ಮಾತಿಗೆ ತಪ್ಪಿದಂತೆಯೇ. ಅದರ ಲಾಭ ನಮಗೆ ಬಂದಿತೆಂಬ ಕಾರಣಕ್ಕೆ ಸುಮ್ಮನಿರಬಾರದು. ಗ್ರಾಮ ಸಭೆಯ ದಿನ ಆಳುಗಳಿಗೆ ಅರ್ಧ ದಿನ ಬಿಡುವು ಕೊಟ್ಟು, ಅವರ ನೀರಿನ ನಲ್ಲಿಯ ಕೆಲಸವನ್ನೂ ನಮ್ಮ ಪಟ್ಟಿಯಲ್ಲಿ ಸೇರಿಸಿ ಕೇಳಿದರೆ ಸಭೆಗೂ ಬಲ, ನಮಗೂ ಗೌರವ.

ಅಧ್ಯಯನ ಕೂಟಕ್ಕೆ ಅಭ್ಯಾಸ

ಪ್ರತಿ ಊರಿನ ಸದಸ್ಯರು ಒಂದು ನೂರು ಪುಟದ ನೋಟು ಪುಸ್ತಕ ಇಟ್ಟು, ಒಂದು ಕೆಲಸಕ್ಕೆ ಒಂದು ಪುಟದಂತೆ ಮೇಲೆ ಹೇಳಿದ ಆರು ಕಾಗದಗಳ ದಿನಾಂಕಗಳನ್ನು ಬರೆಯುತ್ತ ಹೋಗಬೇಕು. ಮುಂದಿನ ಕೂಟದಲ್ಲಿ ಈ ಕೆಳಗಿನ ಪ್ರಶ್ನೆಗಳನ್ನು ಚರ್ಚಿಸತಕ್ಕದ್ದು:

1. ನಮ್ಮ ವಾರ್ಡಿನಲ್ಲಿ ಹಿಂದಿನ ಸಭೆ ಒಪ್ಪಿದ ಕೆಲಸಗಳು ಎಷ್ಟು? ಅವುಗಳಲ್ಲಿ ಕ್ರಿಯಾಯೋಜನೆಗೆ ಸೇರಿದವು ಎಷ್ಟು?

2. ಸೇರದೆ ಬಿಟ್ಟವುಗಳಿಗೆ ಸಭೆಯಲ್ಲಿ ಕಾರಣ ಹೇಳಿದ್ದಾರೆಯೇ?

3. ಪ್ರತಿಯೊಂದು ಕೆಲಸವೂ ಯಾವ ಹಣದ ಕೆಳಗಿದೆ: ಸ್ವಂತ ವರಮಾನವೋ, ಷರತ್ತು ಅನುದಾನವೋ, ಮುಕ್ತ ಅನುದಾನವೋ?

4. ಕಳೆದ ಜಮಾಬಂದಿಗೆ ನಮ್ಮೂರಿನಿಂದ ಯಾರು ಹೋಗಿದ್ದರು? ಈ ಸಲ ಯಾರು ಹೋಗುವರು?

5. ನಮ್ಮ ಸದಸ್ಯರ ಕಂದಾಯ ಬಾಕಿ ಎಷ್ಟಿದೆ?

ಐದು ಪ್ರಶ್ನೆಗಳಲ್ಲಿ ಎರಡಕ್ಕಾದರೂ ಉತ್ತರ ಕೈಯಲ್ಲಿದ್ದರೆ ಮುಂದಿನ ವಾರ್ಡ್ ಸಭೆಗೆ ಸಿದ್ಧರಾದಂತೆ. ಬೇಡಿಕೆಯ ಹೊಸ ಪಟ್ಟಿಯನ್ನು ಮನೆಯಲ್ಲಿ ಬಿಟ್ಟು ಹೋದರೂ ಚಿಂತೆಯಿಲ್ಲ, ಹಳೆಯ ನಡಾವಳಿಯ ಪ್ರತಿಯನ್ನು ಮಾತ್ರ ಮರೆಯದೆ ಕಿಸೆಯಲ್ಲಿಟ್ಟುಕೊಂಡು ಹೋಗಬೇಕೆಂದು ಸದಸ್ಯರಲ್ಲಿ ವಿನಂತಿ.

– ಕಾರ್ಯದರ್ಶಿ